ಅಳಿಯನ ಎಂಟು ಕಾರ್ಡುಗಳು

ಶಿರೋಳ, ತಾ. ನರಗುಂದ, ಜಿ. ಗದಗ

ಚಿರಂಜೀವಿ ಅಳಿಯನಿಗೆ,

ಹಿಂಗಾರಿ ಬಿತ್ತಿಗೆ ಮುಗಿದು ಬಿಳಿಜೋಳ ಮೊಣಕಾಲುದ್ದ ಬಂದಿದೆ, ಕಡಲೆಯೂ ಚೆನ್ನಾಗಿ ಎದ್ದಿದೆ. ನಿಮ್ಮವ್ವ ಮೊನ್ನೆ ಫೋನ್ ಮಾಡಿದ್ದಳು. “ಅದೇನೋ ಮೊಬೈಲ್ ಆಟದಾಗ ಕಾರ್ಡ್ ಕೊಳ್ಳಾಕ ರೊಕ್ಕ ಬೇಕಂತಾನ, ನೀನರ ಒಂದ್ ಮಾತು ಹೇಳಣ್ಣಾ” ಅಂದಳು. ಆಮೇಲೆ ನೀನೇ ಮಾತಾಡಿದೆ. ಕ್ಲ್ಯಾಶ್ ರಾಯಲ್‌ನಲ್ಲಿ ಎಂಟಕ್ಕೆ ಎಂಟೂ ಅಪರೂಪದ ಲೆಜೆಂಡರಿ ಕಾರ್ಡು ಹಾಕಿಕೊಂಡರೂ ಸೋಲುತ್ತಿದ್ದೇನೆ, ರೊಕ್ಕಕ್ಕೆ ಸಿಗುವ ಜೆಮ್ಸ್ ಕೊಂಡು ಕಾರ್ಡುಗಳ ಲೆವೆಲ್ ಏರಿಸಿದರೆ ಗೆಲ್ಲುತ್ತೇನೆ ಎಂದೆ. ಫೋನಿನಲ್ಲಿ ನಾನು ಹೂಂ ಎಂದೂ ಅನ್ನಲಿಲ್ಲ, ಒಲ್ಲೆ ಎಂದೂ ಅನ್ನಲಿಲ್ಲ. ಇದು ಲೆಕ್ಕ ಮಾಡಿ ತೋರಿಸಬೇಕಾದ ವಿಷಯ, ಲೆಕ್ಕವನ್ನು ಕಾಗದದ ಮೇಲೆಯೇ ಮಾಡಬೇಕು. ಅದಕ್ಕೇ ಈ ಪತ್ರ.

ನಿನ್ನ ಆಟವನ್ನು ನಾನು ಹಗುರವಾಗಿ ನೋಡುವವನಲ್ಲ. ಕಳೆದ ದೀಪಾವಳಿ ರಜೆಯಲ್ಲಿ ನೀನೇ ನನ್ನ ಫೋನಿಗೆ ಅದನ್ನು ಹಾಕಿಕೊಟ್ಟು ಕಲಿಸಿದೆ. ಅಂದಿನಿಂದ ಸಂಜೆ ದೀಪ ಹಚ್ಚಿದ ಮೇಲೆ ಒಂದಿಷ್ಟು ಹೊತ್ತು ಆಡುತ್ತಲೇ ಇದ್ದೇನೆ. ವರ್ಷಾನುಗಟ್ಟಲೆ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿದವನಿಗೆ ಎದುರಾಳಿಯ ಟವರ್ ಕೆಡವುವ ಆ ಮೂರು ನಿಮಿಷದ ಪಂದ್ಯದಲ್ಲಿ ಎಷ್ಟೊಂದು ಗಣಿತ ಕಂಡಿತೆಂದರೆ, ಇದು ಪಾಠ ಹೇಳುವಾಗಲೇ ಗೊತ್ತಿದ್ದರೆ ಸಂಭವನೀಯತೆಯ ಅಧ್ಯಾಯವನ್ನು ಇದರಿಂದಲೇ ಶುರು ಮಾಡುತ್ತಿದ್ದೆ.

ನೀನು ಹೇಳಿದ ಎಂಟು ಕಾರ್ಡುಗಳನ್ನು ಬರೆದಿಟ್ಟುಕೊಂಡಿದ್ದೇನೆ. ಮೆಗಾ ನೈಟ್ 7, ಲಾವಾ ಹೌಂಡ್ 7, ಸ್ಪಾರ್ಕಿ 6, ಗ್ರೇವ್‌ಯಾರ್ಡ್ 5, ಎಲೆಕ್ಟ್ರೋ ವಿಝಾರ್ಡ್ 4, ಇನ್ಫರ್ನೋ ಡ್ರ್ಯಾಗನ್ 4, ಲಂಬರ್‌ಜಾಕ್ 4, ಪ್ರಿನ್ಸೆಸ್ 3. ಪ್ರತಿಯೊಂದರ ಮುಂದೆ ಬರೆದಿದ್ದು ಅದನ್ನು ಕಣಕ್ಕಿಳಿಸಲು ಬೇಕಾದ ಎಲಿಕ್ಸರ್, ಅಂದರೆ ಪಂದ್ಯದಲ್ಲಿ ತಾನಾಗಿ ತುಂಬುತ್ತಾ ಬರುವ ಶಕ್ತಿ. ಕೂಡಿಸಿದರೆ 40, ಸರಾಸರಿ ಸರಿಯಾಗಿ 5. ಇದರ ಪಕ್ಕದಲ್ಲಿ ಇನ್ನೊಂದು ಡೆಕ್, ಅಂದರೆ ಎಂಟು ಕಾರ್ಡಿನ ಇನ್ನೊಂದು ಕಟ್ಟು, ಇಡುತ್ತೇನೆ. ನಿಮ್ಮ ಹುಡುಗರೆಲ್ಲ ಅದನ್ನು ಬಲ್ಲರು, ‘ಹಾಗ್ 2.6’ ಎಂದೇ ಅದರ ಹೆಸರು. ಹಾಗ್ ರೈಡರ್ 4, ಮಸ್ಕಿಟಿಯರ್ 4, ಫೈರ್‌ಬಾಲ್ 4, ಕ್ಯಾನನ್ 3, ಐಸ್ ಗೋಲೆಮ್ 2, ಲಾಗ್ 2, ಐಸ್ ಸ್ಪಿರಿಟ್ 1, ಸ್ಕೆಲಿಟನ್ಸ್ 1. ಒಟ್ಟು 21, ಸರಾಸರಿ ಎರಡೂವರೆಗಿಂತ ಚೂರು ಹೆಚ್ಚು. ಎಂಟರಲ್ಲಿ ಲಾಗ್ ಒಂದೇ ಲೆಜೆಂಡರಿ. ನಾಲ್ಕು ರೇರ್, ಮೂರು ಕಾಮನ್. ಆಟ ಶುರು ಮಾಡಿ ಸ್ವಲ್ಪ ದಿನವಾದ ಯಾವ ಹುಡುಗನ ಹತ್ತಿರವೂ ಈ ಎಂಟರಲ್ಲಿ ಹೆಚ್ಚಿನವು ಇದ್ದೇ ಇರುತ್ತವೆ. ಈ ಡೆಕ್ಕಿನಿಂದ ವರ್ಷಗಟ್ಟಲೆ ಜನ ದೊಡ್ಡ ದೊಡ್ಡ ಪಂದ್ಯ ಗೆದ್ದಿದ್ದಾರೆ.

ಏಕೆ ಗೆದ್ದರು ಎನ್ನುವುದಕ್ಕೆ ಮೊದಲು ಗಡಿಯಾರ ನೋಡು. ಪಂದ್ಯದ ಮೊದಲ ಎರಡು ನಿಮಿಷ ಒಂದು ಎಲಿಕ್ಸರ್ ತುಂಬಲು 2.8 ಸೆಕೆಂಡು ಬೇಕು, ಕೊನೆಯ ನಿಮಿಷದಲ್ಲಿ 1.4 ಸೆಕೆಂಡು ಸಾಕು. ಒಮ್ಮೆ ಆಡಿದ ಕಾರ್ಡು ಮತ್ತೆ ಕೈಗೆ ಬರಬೇಕಾದರೆ ನಡುವೆ ಬೇರೆ ನಾಲ್ಕು ಕಾರ್ಡು ಆಡಲೇಬೇಕು. ಹಾಗ್ 2.6 ಆಡುವವನು ತನ್ನ ಅಗ್ಗದ ನಾಲ್ಕನ್ನು, ಅಂದರೆ ಎರಡು ಒಂದರವು, ಎರಡು ಎರಡರವು, ಆಡಿ ಮುಗಿಸಿದರೆ ಆರು ಎಲಿಕ್ಸರ್ ಖರ್ಚು. ಸುಮಾರು 17 ಸೆಕೆಂಡಿಗೆ ಅವನ ಹಾಗ್ ರೈಡರ್ ಮತ್ತೆ ಕೈಗೆ ಬಂದಿರುತ್ತಾನೆ. ನಿನ್ನ ಅಗ್ಗದ ನಾಲ್ಕು ಯಾವುವು? 3, 4, 4, 4. ಹದಿನೈದು ಎಲಿಕ್ಸರ್, 42 ಸೆಕೆಂಡು. ನೀನು ಲಾವಾ ಹೌಂಡನ್ನು ಎರಡನೇ ಸಲ ಬಿಡುವ ಹೊತ್ತಿಗೆ ಅವನು ನಿನ್ನ ಟವರಿಗೆ ಎರಡು ಸಲ ಬಂದು ಹೋಗಿರುತ್ತಾನೆ. ನಿನ್ನ ಬೆರಳಿನ ಚುರುಕಿಗೂ ಕಾರ್ಡಿನ ಲೆವೆಲ್‌ಗೂ ಇದರಲ್ಲಿ ಪಾತ್ರವಿಲ್ಲ. ಸೋಲು ಆ ಸರಾಸರಿಯಲ್ಲೇ ಕುಳಿತಿದೆ.

ಈಗ ಕೈಗೆ ಬರುವ ಮೊದಲ ನಾಲ್ಕು ಕಾರ್ಡಿನ ಲೆಕ್ಕ. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 70. ಪಿಯುಸಿಯಲ್ಲಿ ಕಲಿತದ್ದು, ಮರೆತಿರಲಾರೆ. ನಿನ್ನ ಡೆಕ್ಕಿನಲ್ಲಿ ಐದು ಅಥವಾ ಅದಕ್ಕಿಂತ ಹೆಚ್ಚು ಎಲಿಕ್ಸರ್ ಬೇಡುವ ಕಾರ್ಡು ನಾಲ್ಕಿವೆ. ಅವುಗಳಲ್ಲಿ ಎರಡಾದರೂ ಮೊದಲ ಕೈಯಲ್ಲೇ ಬಂದು ಕೂಡುವ ಬಗೆಗಳು 70ರಲ್ಲಿ 53. ನಾಲ್ಕು ಪಂದ್ಯ ಆಡಿದರೆ ಮೂರರಲ್ಲಿ ನಿನ್ನ ಅರ್ಧ ಕೈ ಆರಂಭದಲ್ಲೇ ಕಟ್ಟಿಹೋದ ಹಾಗೆ. ಎದುರಿನವನು ಏನಾದರೂ ಬಿಟ್ಟಾಗ ನಿನ್ನ ಬಳಿ ಎಲಿಕ್ಸರ್ ಇದೆ, ಕಾರ್ಡೂ ಇದೆ, ಆದರೆ ಎರಡಕ್ಕೂ ಹೊಂದಿಕೆಯಿಲ್ಲ. ಅದೇ ಹಾಗ್ 2.6ರಲ್ಲಿ ಎರಡು ಅಥವಾ ಅದಕ್ಕಿಂತ ಕಡಿಮೆ ಬೆಲೆಯವು ನಾಲ್ಕು. ಅವುಗಳಲ್ಲಿ ಒಂದೂ ಇಲ್ಲದ ಕೈ ಬರುವುದು 70ಕ್ಕೆ ಒಂದು ಸಲ ಮಾತ್ರ.

ಹಾಗೆಂದು ಭಾರದ ಡೆಕ್ ಕಟ್ಟಲೇಬಾರದು ಎಂದು ನಾನು ಹೇಳುವುದಿಲ್ಲ. ಇನ್ನೊಂದು ಸಣ್ಣ ಲೆಕ್ಕ ಮಾಡಿ ನೋಡು. ಮೊದಲ ಎರಡು ನಿಮಿಷದಲ್ಲಿ ತುಂಬುವ ಎಲಿಕ್ಸರ್ ಸುಮಾರು 43, ಕೊನೆಯ ಒಂದೇ ನಿಮಿಷದಲ್ಲಿ ತುಂಬುವುದೂ ಸುಮಾರು 43! ಎಂಟು ಎಲಿಕ್ಸರ್‌ನ ಗೋಲೆಮ್ ಇಟ್ಟುಕೊಂಡು ಆಡುವ ಜಾಣರು ಬದುಕುವುದು ಈ ಲೆಕ್ಕದ ಮೇಲೆಯೇ. ಮೊದಲ ಎರಡು ನಿಮಿಷ ಅವರು ಅಗ್ಗದ ಕಾರ್ಡುಗಳಿಂದ ಬಾಗಿಲು ಕಾಯುತ್ತಾರೆ, ಬೇಕಾದರೆ ಒಂದು ಟವರನ್ನೂ ಬಿಟ್ಟುಕೊಡುತ್ತಾರೆ, ಕೊನೆಯ ನಿಮಿಷದಲ್ಲಿ ಎಲ್ಲವನ್ನೂ ಒಂದೇ ದಿಕ್ಕಿಗೆ ನುಗ್ಗಿಸುತ್ತಾರೆ. ಅವರ ಡೆಕ್ಕಿಗೆ ತನ್ನ ಹೊತ್ತು ಯಾವುದು ಎಂದು ಗೊತ್ತಿದೆ. ನಿನ್ನದಕ್ಕೆ ಮೊದಲ ನಿಮಿಷ ಕಾಯುವ ಅಗ್ಗದ ಕಾರ್ಡೂ ಇಲ್ಲ, ಕೊನೆಯ ನಿಮಿಷದಲ್ಲಿ ಒಂದೇ ದಿಕ್ಕಿಗೆ ನುಗ್ಗುವ ಯೋಜನೆಯೂ ಇಲ್ಲ.

ಯೋಜನೆ ಇಲ್ಲ ಎಂದಿದ್ದಕ್ಕೆ ಮುನಿಸಿಕೊಳ್ಳಬೇಡ, ವಿವರಿಸುತ್ತೇನೆ. ಟವರ್ ಕೆಡವುವ ಕೆಲಸಕ್ಕೆಂದು ನೀನು ಇಟ್ಟಿರುವುದು ಲಾವಾ ಹೌಂಡ್ ಮತ್ತು ಗ್ರೇವ್‌ಯಾರ್ಡ್. ಲಾವಾ ಹೌಂಡ್ ಆಕಾಶದಲ್ಲಿ ನಿಧಾನ ತೇಲುತ್ತಾ ಏಟು ತಿನ್ನುವ ಕಾರ್ಡು. ಅದು ಏಟು ತಿನ್ನುತ್ತಿರುವಾಗ ಹಿಂದಿನಿಂದ ಬಲೂನೋ ಬೇರೆ ಹಾರುವ ಕಾರ್ಡೋ ಬಂದು ಹೊಡೆಯಬೇಕು. ಗ್ರೇವ್‌ಯಾರ್ಡಿಗೆ ಬೇಕಾದದ್ದು ಟವರಿನ ಗುಂಡನ್ನು ತನ್ನ ಮೇಲೆ ಎಳೆದುಕೊಳ್ಳುವ ಒಬ್ಬ ಗಟ್ಟಿ ಆಳು, ಜೊತೆಗೆ ಅದು ಎಬ್ಬಿಸುವ ಅಸ್ಥಿಪಂಜರಗಳನ್ನು ಗುಡಿಸಲು ಬಂದವರನ್ನು ಸುಡುವ ಪಾಯ್ಸನ್. ಎರಡೂ ಬೇರೆ ಬೇರೆ ಸಂಸಾರಗಳು. ಎರಡರ ಯಜಮಾನರನ್ನೂ ನೀನು ಒಂದೇ ಮನೆಗೆ ಕರೆತಂದೆ, ಇಬ್ಬರಿಗೂ ಬೇಕಾದ ಮಂದಿ ಹೊರಗೇ ಉಳಿದರು.

ಸ್ಪಾರ್ಕಿಯ ಕಥೆ ಇನ್ನೂ ನೋಯಿಸುವಂಥದ್ದು. ಆರು ಎಲಿಕ್ಸರ್ ಕೊಟ್ಟು ಇಳಿಸಿ, ಅದು ವಿದ್ಯುತ್ ತುಂಬಿಕೊಂಡು ಇನ್ನೇನು ಸಿಡಿಯಬೇಕು ಎನ್ನುವಾಗ ಎದುರಿನವನು ಎರಡು ಎಲಿಕ್ಸರ್‌ನ ಝ್ಯಾಪ್ ಹಾಕುತ್ತಾನೆ. ತುಂಬಿದ್ದೆಲ್ಲ ಬರಿದು, ಮತ್ತೆ ಮೊದಲಿನಿಂದ ತುಂಬಬೇಕು. ಇನ್ಫರ್ನೋ ಡ್ರ್ಯಾಗನ್ನಿನ ಗತಿಯೂ ಅದೇ. ಝ್ಯಾಪ್ ಕಾಮನ್ ಕಾರ್ಡು. ಆ ಎರಡು ಲೆಜೆಂಡರಿಗಳನ್ನೂ ಅದೊಂದೇ ತಡೆದು ನಿಲ್ಲಿಸುತ್ತದೆ. ಮೂರು ಎಲಿಕ್ಸರ್‌ಗೆ ಸ್ಕೆಲಿಟನ್ ಆರ್ಮಿ ಬಿಟ್ಟರಂತೂ ಮುಗಿಯಿತು. ಆ ಗುಂಪನ್ನು ಗುಡಿಸಿ ಹಾಕಲು ಲಾಗ್, ಆರೋಸ್, ಝ್ಯಾಪ್ ಇವುಗಳಲ್ಲಿ ಒಂದೂ ನಿನ್ನ ಬಳಿ ಇಲ್ಲ. ಎಂಟು ಕಾರ್ಡಿನಲ್ಲಿ ಒಂದಾದರೂ ಅಗ್ಗದ ಸ್ಪೆಲ್ ಇಟ್ಟುಕೊಳ್ಳದೆ ಕಣಕ್ಕೆ ಇಳಿಯಬೇಡ. ಇದನ್ನು ಮಾತ್ರ ನಾನು ಆಜ್ಞೆ ಎಂದೇ ಹೇಳುತ್ತೇನೆ. ಎರಡು ಎಲಿಕ್ಸರ್‌ನ ಲಾಗ್ ಉರುಳಿಸಿ ಮೂರರ ಸ್ಕೆಲಿಟನ್ ಆರ್ಮಿ ತೆಗೆದರೆ ಒಂದು ಲಾಭ, ಮೂರರ ಆರೋಸ್‌ನಿಂದ ಐದರ ಮಿನಿಯನ್ ಹೋರ್ಡ್ ತೆಗೆದರೆ ಎರಡು ಲಾಭ. ಪಂದ್ಯದ ಉದ್ದಕ್ಕೂ ಒಂದೊಂದಾಗಿ ಉಳಿಯುವ ಈ ಲಾಭವೇ ಕೊನೆಗೆ ಟವರ್ ಕೆಡವುತ್ತದೆ.

ನಮ್ಮೂರ ಕಡೆ ಒಂದು ವರ್ಷ ಉಳ್ಳಾಗಡ್ಡಿಗೆ ಚಲೋ ದರ ಬಂತೆಂದರೆ ಮರುವರ್ಷ ಇದ್ದ ಹೊಲಕ್ಕೆಲ್ಲ ಉಳ್ಳಾಗಡ್ಡಿಯನ್ನೇ ಹಚ್ಚುವವರಿದ್ದಾರಲ್ಲ. ಮಳೆ ಹೆಚ್ಚಾದರೂ ಹೋಯಿತು, ದರ ಇಳಿದರೂ ಹೋಯಿತು. ಹೆಸರು, ಜೋಳ, ಕಡಲೆ ಎಂದು ಹಂಚಿ ಬಿತ್ತಿದವರ ಮನೆಯಲ್ಲಿ ಉಣ್ಣಲು ಜೋಳವಾದರೂ ಉಳಿದಿರುತ್ತದೆ. ನಿನ್ನ ಡೆಕ್ ನೋಡಿದಾಗ ನನಗೆ ಆ ಉಳ್ಳಾಗಡ್ಡಿ ಹೊಲಗಳೇ ನೆನಪಾದವು.

ಈಗ ನಿನಗೆ ಪ್ರೀತಿಯ ಪ್ರಿನ್ಸೆಸ್ ಕಾರ್ಡಿಗೆ ಬರೋಣ. ದೂರದಿಂದ ಬಾಣ ಬಿಡುವ ಈ ರಾಜಕುಮಾರಿ ಮೂರು ಎಲಿಕ್ಸರ್‌ನವಳು. ಎದುರಿನವನ ಲಾಗ್ ಉರುಳಿತೋ, ಸತ್ತಳು. ನಿನ್ನ ಡೆಕ್ಕಿನಲ್ಲಿ ಅವಳ ಸಾವು ಬರೀ ನಷ್ಟ. ಅವಳನ್ನೇ ‘ಲಾಗ್ ಬೇಟ್’ ಆಡುವವರ ಕೈಯಲ್ಲಿ ನೋಡು. ಅವರ ಬಳಿ ಗಾಬ್ಲಿನ್ ಬ್ಯಾರಲ್, ಗಾಬ್ಲಿನ್ ಗ್ಯಾಂಗ್, ಪ್ರಿನ್ಸೆಸ್ ಮೂರೂ ಇರುತ್ತವೆ. ಮೂರಕ್ಕೂ ಮದ್ದು ಅದೇ ಲಾಗ್. ಮೊದಲು ಪ್ರಿನ್ಸೆಸ್ ಇಳಿಸುತ್ತಾರೆ. ಎದುರಿನವನು ಲಾಗ್ ಹಾಕದಿದ್ದರೆ ಅವಳು ಟವರನ್ನು ಕೆರೆಯುತ್ತಲೇ ಇರುತ್ತಾಳೆ, ಹಾಕಿದರೆ ಅವನ ಲಾಗ್ ಮತ್ತೆ ಕೈಗೆ ಬರಲು ನಾಲ್ಕು ಕಾರ್ಡು ದೂರ ಹೋಯಿತು. ಅಷ್ಟರಲ್ಲಿ ಗಾಬ್ಲಿನ್ ಬ್ಯಾರಲ್ ನೇರ ಟವರಿನ ಮೇಲೆ ಬಿದ್ದಿರುತ್ತದೆ. ಅದೇ ಕಾರ್ಡು, ಅದೇ ಲೆವೆಲ್, ಅದೇ ಸಾವು. ಅಲ್ಲಿ ಅವಳು ಸತ್ತು ಟವರ್ ಗೆಲ್ಲಿಸಿದಳು, ನಿನ್ನಲ್ಲಿ ಸುಮ್ಮನೆ ಸತ್ತಳು. ಪಕ್ಕದಲ್ಲಿ ಯಾವ ಏಳು ಕಾರ್ಡುಗಳಿವೆ ಎನ್ನುವುದರ ಮೇಲೆ ಕಾರ್ಡಿನ ಬೆಲೆ ನಿಲ್ಲುತ್ತದೆ, ಅಳಿಯಾ. ನಾನು ಈ ಪತ್ರದಲ್ಲಿ ಹೇಳಬೇಕೆಂದಿರುವುದು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಇದು ಇಂದಿನ ಕಂಪ್ಯೂಟರ್ ಹುಡುಗರು ಕಂಡುಹಿಡಿದ ವಿಚಾರವಲ್ಲ. ನಮ್ಮ ಮೈಸೂರಿನ ಗಂಜೀಫಾ ಎಲೆಗಳನ್ನು ನೋಡಿದ್ದೀಯಾ? ದುಂಡಗಿನ ಎಲೆಗಳ ಮೇಲೆ ಕೈಯಿಂದ ಬಿಡಿಸಿದ ದೇವರ ಚಿತ್ರಗಳು. ದಶಾವತಾರದ ಕಟ್ಟಿನಲ್ಲಿ 120 ಎಲೆ. ಒಂದೊಂದು ಅವತಾರಕ್ಕೆ ಹನ್ನೆರಡು: ರಾಜ, ಮಂತ್ರಿ, ಒಂದರಿಂದ ಹತ್ತರವರೆಗಿನ ಎಲೆಗಳು. ನನಗೆ ಬಹಳ ಹಿಡಿಸಿದ್ದು ಅದರ ನಿಯಮ. ಐದು ಅವತಾರಗಳಲ್ಲಿ ಮಂತ್ರಿಯ ನಂತರ ಹತ್ತು ದೊಡ್ಡದು, ಇನ್ನೈದರಲ್ಲಿ ಒಂದೇ ದೊಡ್ಡದು, ಹತ್ತು ಎಲ್ಲಕ್ಕಿಂತ ಚಿಕ್ಕದು. ಕೈಯಲ್ಲಿ ಹತ್ತು ಬಂದಿತೆಂದು ಹಿಗ್ಗುವ ಮೊದಲು ಅದು ಯಾವ ಅವತಾರದ ಹತ್ತು ಎಂದು ನೋಡಬೇಕು. ಮೈಸೂರಿನ ಅರಸರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳಲ್ಲಿ ಎಷ್ಟು ಮುಳುಗಿದ್ದರೆಂದರೆ, ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದಲ್ಲಿ ಹದಿಮೂರು ಬಗೆಯ ಆಟಗಳ ವಿವರವಿದೆ. ಕೆಲವಕ್ಕೆ ಹದಿನೆಂಟು ಬಣ್ಣದವರೆಗೆ ಎಲೆಗಳು ಬೇಕು. ಬೇರೆ ಯಾವ ಎಲೆಯ ಜಾಗದಲ್ಲಾದರೂ ನಿಲ್ಲಬಲ್ಲ ಎಲೆಗಳೂ ಅವುಗಳಲ್ಲಿ ಉಂಟು. ಆಡಲು ಕಷ್ಟವಾದ್ದರಿಂದ ಅವು ಅರಮನೆಯಾಚೆ ಹೆಚ್ಚು ಹರಡಲಿಲ್ಲ. ಆ ಕಲೆಯನ್ನು ನಮ್ಮ ಕಾಲಕ್ಕೆ ಉಳಿಸಿಕೊಟ್ಟವರಲ್ಲಿ ಗಂಜೀಫಾ ರಘುಪತಿ ಭಟ್ಟರ ಹೆಸರು ದೊಡ್ಡದು. ಮೈಸೂರಿಗೆ ಹೋದಾಗ ಆ ಎಲೆಗಳನ್ನು ನೋಡದೆ ಬರಬೇಡ.

ನೀನು ಆಡುವ ಬಗೆಯ ಆಟಕ್ಕೆ ದಾರಿ ಹಾಕಿದವನೂ ಗಣಿತದವನೇ. ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಕಾಗದದ ಕಾರ್ಡಿನ ಆಟ ತಂದ. ಅದೇ ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಸಂಯೋಜನಾ ಗಣಿತದಲ್ಲಿ ಅವನಿಗೆ ಡಾಕ್ಟರೇಟ್ ಬಂತು. ಅಲ್ಲಿ ಸಾಮಾನ್ಯವಾಗಿ ಅರವತ್ತು ಕಾರ್ಡಿನ ಕಟ್ಟು, ಬಹುತೇಕ ಯಾವ ಕಾರ್ಡನ್ನೂ ನಾಲ್ಕಕ್ಕಿಂತ ಹೆಚ್ಚು ಇಡುವಂತಿಲ್ಲ. ಹಾರ್ತ್‌ಸ್ಟೋನ್ ಎಂಬ ಕಂಪ್ಯೂಟರ್ ಕಾರ್ಡಿನ ಆಟ 2014ರಲ್ಲಿ ಬಂದಾಗ ಕಟ್ಟು ಮೂವತ್ತಕ್ಕೆ ಇಳಿಯಿತು, ಒಂದು ಕಾರ್ಡು ಎರಡೇ, ಲೆಜೆಂಡರಿಯಾದರೆ ಒಂದೇ. ಫಿನ್ಲೆಂಡಿನ ಸೂಪರ್‌ಸೆಲ್ 2016ರ ಮಾರ್ಚ್ ತಿಂಗಳಲ್ಲಿ ಜಗತ್ತಿಗೆಲ್ಲ ಬಿಟ್ಟ ನಿನ್ನ ಕ್ಲ್ಯಾಶ್ ರಾಯಲ್‌ನಲ್ಲಿ ಎಂಟೇ. ಕಟ್ಟು ಚಿಕ್ಕದಾದಷ್ಟೂ ಒಂದೊಂದು ಕಾರ್ಡಿನ ಹೊಣೆ ದೊಡ್ಡದು. ಅರವತ್ತರಲ್ಲಿ ಒಂದು ಕಾರ್ಡು ಸುಮ್ಮನಿದ್ದರೂ ನಡೆದೀತು, ಎಂಟರಲ್ಲಿ ಒಂದು ಸುಮ್ಮನಿದ್ದರೆ ಸೈನ್ಯದ ಎಂಟನೇ ಒಂದು ಭಾಗ ಹೋದಂತೆ.

ಭಾರತದವನೊಬ್ಬ ಈ ಜಾತಿಯ ಆಟದಲ್ಲಿ ಪದಕ ತಂದದ್ದು ನಿನಗೆ ಗೊತ್ತಿರಬೇಕು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಕ್ರೀಡೆಯಾಗಿತ್ತು. ಆರು ಆಟಗಳಲ್ಲಿ ನಿನ್ನ ಕ್ಲ್ಯಾಶ್ ರಾಯಲ್ ಕೂಡ ಒಂದು, ಹಾರ್ತ್‌ಸ್ಟೋನ್ ಇನ್ನೊಂದು. ಗುಜರಾತಿನ ಭುಜ್ ಊರಿನ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್‌ನಲ್ಲಿ ಕಂಚು ಗೆದ್ದ. ಪ್ರದರ್ಶನ ಕ್ರೀಡೆಯಾದ್ದರಿಂದ ಆ ಪದಕ ದೇಶದ ಪಟ್ಟಿಗೆ ಸೇರಲಿಲ್ಲ. ಆದರೂ ಅದು ದೊಡ್ಡ ಸಾಧನೆಯೇ. ಹಾರ್ತ್‌ಸ್ಟೋನ್‌ನ ದೊಡ್ಡ ಪಂದ್ಯಗಳಲ್ಲಿ ಬಹುಕಾಲ ನಡೆದ ‘ಕಾಂಕ್ವೆಸ್ಟ್’ ಪದ್ಧತಿ ತಿಳಿದರೆ ಅದೆಷ್ಟು ಕಷ್ಟ ಎನ್ನುವುದು ಅರ್ಥವಾಗುತ್ತದೆ. ಆಟಗಾರ ಒಂದೇ ಡೆಕ್ ತಂದರೆ ಆಗದು, ಹಲವು ತರಬೇಕು. ಅವುಗಳಲ್ಲಿ ಒಂದನ್ನು ಎದುರಾಳಿ ನಿಷೇಧಿಸುತ್ತಾನೆ. ಉಳಿದ ಪ್ರತಿಯೊಂದರಿಂದಲೂ ಒಂದೊಂದು ಸಲ ಗೆಲ್ಲಬೇಕು, ಗೆದ್ದ ಡೆಕ್ಕನ್ನು ಮತ್ತೆ ಬಳಸುವಂತಿಲ್ಲ. ನಿನ್ನ ಅತಿ ಬಲವಾದದ್ದನ್ನು ಅವನು ತೆಗೆದುಹಾಕುತ್ತಾನೆ ಎಂದು ಮೊದಲೇ ತಿಳಿದು, ನಿನ್ನ ಅತಿ ದುರ್ಬಲ ಡೆಕ್ಕೂ ಗೆಲ್ಲುವ ಹಾಗೆ ಕಟ್ಟಬೇಕು. ಅಲ್ಲಿ ಯಾರೂ ಹೆಚ್ಚು ದುಡ್ಡಿನಿಂದ ಗೆಲ್ಲಲಾರರು.

ನಿನ್ನ ಲೆವೆಲ್ ವಾದದಲ್ಲಿ ಸತ್ಯವಿಲ್ಲ ಎಂದಲ್ಲ. ದಿನನಿತ್ಯದ ಪಂದ್ಯಗಳಲ್ಲಿ ಎದುರಿನವನ ಕಾರ್ಡು ನಿನಗಿಂತ ಎರಡು ಲೆವೆಲ್ ಮೇಲಿದ್ದರೆ ಅವನ ಫೈರ್‌ಬಾಲ್ ನಿನ್ನವರನ್ನು ಸುಡುತ್ತದೆ, ನಿನ್ನದು ಅವನವರನ್ನು ಸುಡದೆ ಚೂರು ಜೀವ ಉಳಿಸುತ್ತದೆ. ಅದಕ್ಕೆ ಮದ್ದು ನಿನ್ನ ಬಂಗಾರದ ನಾಣ್ಯಗಳನ್ನು ಹತ್ತಾರು ಕಾರ್ಡಿಗೆ ಹಂಚದಿರುವುದು. ಎಂಟನ್ನು ನಿರ್ಧರಿಸು, ಎಲ್ಲ ನಾಣ್ಯವನ್ನೂ ಆ ಎಂಟಕ್ಕೇ ಹಾಕು. ಕಾಮನ್ ಮತ್ತು ರೇರ್ ಕಾರ್ಡುಗಳು ಆಡುತ್ತಾ ಆಡುತ್ತಾ ಹೆಚ್ಚು ಸಿಗುತ್ತವೆ, ಬೇಗ ಮೇಲೇರುತ್ತವೆ. ಲೆಜೆಂಡರಿ ಬರುವುದೇ ಅಪರೂಪ. ಎಂಟೂ ಲೆಜೆಂಡರಿ ಇಟ್ಟುಕೊಂಡವನ ಕೈ ಜೇಬಿಗೆ ಹೋಗುವುದು ಇದೇ ಕಾರಣಕ್ಕೆ. ಸಮಲೆವೆಲ್‌ನಲ್ಲಿ ಆಡುವ ಚಾಲೆಂಜ್‌ಗಳು, ಟೂರ್ನಮೆಂಟ್‌ಗಳು ಆಟದೊಳಗೇ ಇವೆ. ನಿನ್ನ ಡೆಕ್ ಹೇಗಿದೆ ಎಂಬ ಸತ್ಯ ಅಲ್ಲಿ ತಿಳಿಯುತ್ತದೆ. ಅಲ್ಲೂ ಸೋತರೆ ದೋಷ ಲೆವೆಲ್‌ನದ್ದಲ್ಲ.

ಹಾಗಾದರೆ ಹೇಗೆ ಕಟ್ಟುವುದು? ಮೊದಲು ಟವರ್ ಕೆಡವುವ ಒಂದು ಕಾರ್ಡನ್ನು ಆರಿಸಿಕೋ. ಹಾಗ್ ರೈಡರ್ ಇರಲಿ, ಜೈಂಟ್ ಇರಲಿ, ನಿನ್ನ ಮನಸ್ಸಿಗೆ ಒಪ್ಪಿದ್ದು. ಆ ಕಾರ್ಡನ್ನು ಜನ ಯಾವುದರಿಂದ ತಡೆಯುತ್ತಾರೆ ಎಂದು ನೋಡು. ನಾಲ್ಕರ ಹಾಗ್ ರೈಡರನ್ನು ಮೂರರ ಕ್ಯಾನನ್ ನಡುಮಧ್ಯಕ್ಕೆ ಎಳೆದುಕೊಂಡು ನಿಲ್ಲಿಸುತ್ತದೆ. ಹಾಗಾಗಿ ಕ್ಯಾನನ್ ತೆಗೆಯುವ ಅಥವಾ ಕ್ಯಾನನ್ ಇಲ್ಲದ ಹೊತ್ತು ಕಾಯುವ ಉಪಾಯ ನಿನ್ನ ಬಳಿ ಇರಬೇಕು. ಆಮೇಲೆ ಆಕಾಶ ನೋಡು. ಹಾಗ್ 2.6ರಲ್ಲಿ ಹಾರುವವರನ್ನು ಹೊಡೆಯುವ ಪಡೆ ಮಸ್ಕಿಟಿಯರ್ ಮತ್ತು ಐಸ್ ಸ್ಪಿರಿಟ್ ಎರಡೇ. ಎರಡೂ ಇಲ್ಲದ ಮೊದಲ ಕೈ 70ಕ್ಕೆ 15 ಸಲ ಬರುತ್ತದೆ, ಐದು ಪಂದ್ಯಕ್ಕೆ ಒಂದು ಸಲ ಎನ್ನು. ಕ್ಯಾನನ್ನಿಗೆ ಮೇಲೆ ಹೊಡೆಯಲು ಬಾರದು. ಅದಕ್ಕೇ ಆ ಡೆಕ್ ಆಡುವ ನುರಿತವರು ಮಸ್ಕಿಟಿಯರಳನ್ನು ಸುಮ್ಮಸುಮ್ಮನೆ ಮುಂದೆ ಕಳಿಸುವುದಿಲ್ಲ. ಎದುರಿನವನ ಬಳಿ ಬಲೂನ್ ಇದೆ ಎಂದು ಗೊತ್ತಾದ ಗಳಿಗೆಯಿಂದ ಅವಳನ್ನು ಕೈಯಲ್ಲೇ ಹಿಡಿದಿಡುತ್ತಾರೆ. ನಿನ್ನ ಡೆಕ್ಕಿನಲ್ಲಿ ಮೇಲೆ ಹೊಡೆಯುವವರು ಮೂವರಿದ್ದಾರೆ. ಮೂವರೂ ಇಲ್ಲದ ಕೈ 70ಕ್ಕೆ ಐದೇ ಸಲ. ಆ ಒಂದು ವಿಷಯದಲ್ಲಿ ನೀನು ಚೆನ್ನಾಗಿಯೇ ಕಟ್ಟಿದ್ದೀಯ, ಅದನ್ನು ಹಾಗೇ ಉಳಿಸಿಕೋ.

ಕಟ್ಟಿದ ಮೇಲೆ ಬದಲಿಸುವುದಕ್ಕೂ ಒಂದು ಶಿಸ್ತು ಬೇಕು. ಎರಡು ಪಂದ್ಯ ಸೋತ ಕೂಡಲೇ ನಾಲ್ಕು ಕಾರ್ಡು ಕಿತ್ತುಹಾಕಿದರೆ ಯಾವುದರಿಂದ ಸೋತೆ ಎಂದು ಎಂದಿಗೂ ತಿಳಿಯದು. ಒಂದು ಸಲಕ್ಕೆ ಒಂದೇ ಕಾರ್ಡು ಬದಲಿಸು, ಸಾಕಷ್ಟು ಪಂದ್ಯ ಆಡಿ ನೋಡು, ಸೋತ ಪಂದ್ಯದ ರೀಪ್ಲೇ ನೋಡು. ರೀಪ್ಲೇಯಲ್ಲಿ ಟವರ್ ಬಿದ್ದ ಕ್ಷಣ ಬೇಡ. ಅದಕ್ಕಿಂತ ಹಿಂದೆ ಯಾವಾಗ ನಿನ್ನ ಕೈಯಲ್ಲಿ ಸರಿಯಾದ ಕಾರ್ಡು ಇಲ್ಲವಾಯಿತು ಎಂದು ಹುಡುಕು. ಎದುರಿನವನ ಎಂಟನ್ನೂ ಎಣಿಸುವ ರೂಢಿ ಮಾಡಿಕೋ. ಅವನದೂ ಎಂಟೇ, ಅವನಿಗೂ ನಾಲ್ಕರ ಸುತ್ತು ತಪ್ಪಿದ್ದಲ್ಲ. ಸಾಮಾನ್ಯವಾಗಿ ಪಂದ್ಯದ ಅರ್ಧಕ್ಕೆ ಅವನ ಹೆಚ್ಚಿನ ಕಾರ್ಡು ಗೊತ್ತಾಗಿರುತ್ತವೆ. ಮೊದಮೊದಲು ಲಾಗ್ ಒಂದನ್ನೇ ಎಣಿಸು, ಆಮೇಲೆ ಎರಡನ್ನು.

ಬೇರೆಯವರು ಹೇಳಿದ ಡೆಕ್ ನಕಲು ಮಾಡುವುದರಲ್ಲಿ ನನಗೆ ತಕರಾರಿಲ್ಲ, ಕಲಿಯುವವರು ಹಾಗೆಯೇ ಕಲಿಯುತ್ತಾರೆ. ಆದರೆ ಕಂಪನಿಯವರು ಆಗಾಗ ಕಾರ್ಡುಗಳ ಬಲ ಏರಿಸಿ ಇಳಿಸಿ ಮಾಡುತ್ತಾರೆ. ನಿನ್ನೆ ಗೆಲ್ಲುತ್ತಿದ್ದದ್ದು ಇಂದು ಗೆಲ್ಲುವುದಿಲ್ಲ. ಕಾರ್ಡು ಏಕೆ ಅಲ್ಲಿದೆ ಎಂದು ತಿಳಿದವನು ಅದರ ಜಾಗಕ್ಕೆ ಇನ್ನೊಂದನ್ನು ತರುತ್ತಾನೆ, ತಿಳಿಯದವನು ಮತ್ತೆ ಜೆಮ್ಸ್ ಅಂಗಡಿ ತೆರೆಯುತ್ತಾನೆ.

ಇನ್ನು ರೊಕ್ಕದ ಮಾತು. ನಮ್ಮೂರಲ್ಲೂ ಸುತ್ತಲ ಊರುಗಳಲ್ಲೂ ಇಸ್ಪೀಟಿಗೆ ಹೊಲ ಹೋದ ಮನೆಗಳನ್ನು ನಾನು ನೋಡಿದ್ದೇನೆ. ಈಚಿನ ವರ್ಷಗಳಲ್ಲಿ ಕಟ್ಟೆಯ ಮೇಲಿನ ಎಲೆ ಫೋನಿನೊಳಗಿನ ರಮ್ಮಿಯಾಯಿತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯವಾಗುವ ಕಾಯ್ದೆ ಮಾಡಿ, ಹಣ ಪಣಕ್ಕಿಡುವ ಆನ್‌ಲೈನ್ ಆಟ ಚಾತುರ್ಯದ್ದಿರಲಿ ಅದೃಷ್ಟದ್ದಿರಲಿ ನಿಷೇಧ ಎಂದಿತು. ಇ-ಸ್ಪೋರ್ಟ್ಸಿಗೆ ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ. ನಿನ್ನ ಆಟದಲ್ಲಿ ಪಣವಿಲ್ಲ, ಗೆದ್ದರೆ ರೊಕ್ಕ ಬರುವುದಿಲ್ಲ. ಅದು ಜೂಜಲ್ಲ ಎಂದು ನಿಮ್ಮವ್ವನಿಗೆ ನಾನೇ ತಿಳಿಸಿ ಹೇಳಿದ್ದೇನೆ. ಆದರೆ ಒಳಗೆ ಏನು ಬರುತ್ತದೆ ಎಂದು ಗೊತ್ತಿಲ್ಲದ ಪೆಟ್ಟಿಗೆಗೆ ರೊಕ್ಕ ಕೊಟ್ಟು, ಬಾರದಿದ್ದಾಗ ಇನ್ನೊಂದಕ್ಕೆ ಕೊಡುವ ಆ ಚಟವಿದೆಯಲ್ಲ, ಅದು ಮನಸ್ಸಿನೊಳಗೆ ಕೆಲಸ ಮಾಡುವ ರೀತಿ ಇಸ್ಪೀಟಿನದ್ದೇ. ಯಾವ ಕಾರ್ಡು ಬರುವ ಸಂಭವ ಎಷ್ಟು ಎಂದು ಹೇಳಲೇಬೇಕೆಂದು ಆ್ಯಪಲ್ ಕಂಪನಿ 2017ರ ಕೊನೆಯಲ್ಲೇ ಆಟ ಮಾಡುವವರಿಗೆ ನಿಯಮ ಹಾಕಿತು. ಇಂಥ ಪೆಟ್ಟಿಗೆ ತೆರೆಯುವ ಮೊದಲು ಆ ಸಂಖ್ಯೆ ಓದು. ಲೆಕ್ಕ ಬಲ್ಲವನಿಗೆ ಅಷ್ಟು ಸಾಕು.

ಅದಕ್ಕೆ ಜೆಮ್ಸಿಗೆಂದು ನಾನು ರೊಕ್ಕ ಕಳಿಸುವುದಿಲ್ಲ, ನಿಮ್ಮವ್ವನಿಗೂ ಕಳಿಸಬೇಡ ಎಂದಿದ್ದೇನೆ. ನಿನಗೆ ಕೊಡಲು ನನಗೆ ಜೀವ ಬಾರದೆಂದಲ್ಲ. ಫೀಸಿಗೆ, ಪುಸ್ತಕಕ್ಕೆ, ಒಳ್ಳೆಯ ಊಟಕ್ಕೆ ಯಾವಾಗ ಬೇಕಾದರೂ ಕೇಳು, ಸಂಜೆಯೊಳಗೆ ಹಾಕಿಸುತ್ತೇನೆ. ಕೊಂಡ ಗೆಲುವಿನಿಂದ ನಿನ್ನ ಬುದ್ಧಿ ಬೆಳೆಯುವುದನ್ನು ನಿಲ್ಲಿಸಿಬಿಡುತ್ತದೆ ಎನ್ನುವುದೊಂದೇ ನನ್ನ ಚಿಂತೆ. ನಿನಗಿರುವ ಬುದ್ಧಿ ನನಗೆ ಗೊತ್ತು. ಏಳನೇ ಇಯತ್ತೆಯಲ್ಲಿದ್ದಾಗ ಸಂತೆಯ ಲೆಕ್ಕವನ್ನು ಬಾಯಲ್ಲೇ ಮಾಡಿ ಹೇಳುತ್ತಿದ್ದವನು ನೀನು. ಅಂಥವನು ಕಾರ್ಡಿನ ಹೊಳಪಿಗೆ ಮರುಳಾಗಿ ಸೋಲುವುದನ್ನು ನಾನು ನೋಡಲಾರೆ.

ರಾತ್ರಿ ಸೋಲುತ್ತಿದ್ದಾಗ ಸೇಡು ತೀರಿಸಿಕೊಳ್ಳಲೆಂದು ಇನ್ನೊಂದು, ಮತ್ತೊಂದು ಪಂದ್ಯ ಆಡಬೇಡ. ಸತತ ಮೂರು ಸೋತರೆ ಫೋನ್ ಕೆಳಗಿಟ್ಟು ಮಲಗು. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗ ಆಟ ತೆಗೆದು ಬದಿಗಿಡುವೆ ಎಂಬ ನಂಬಿಕೆ ನನಗಿದೆ, ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ ನೀನು ಬರಲೇಬೇಕು. ಮನೆಮನೆಯಿಂದ ಬರುವ ಕಟಿರೊಟ್ಟಿ, ಕರಿಹಿಂಡಿ ಉಂಡು ಎಷ್ಟು ದಿನವಾಯಿತೋ ಏನೋ ನಿನಗೆ. ನಿಮ್ಮತ್ತಿ ಈಗಲೇ ನಿನ್ನ ಹೆಸರು ಹೇಳುತ್ತಿದ್ದಾಳೆ. ಬರುವ ಮೊದಲು ಒಂದು ಕೆಲಸ ಮಾಡು. ಹೊಸದಾಗಿ ಎಂಟು ಕಾರ್ಡು ಆರಿಸಿ, ಒಂದು ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಮುಂದೆ ಅದು ಏಕೆ ಅಲ್ಲಿದೆ ಎಂದು ಒಂದೇ ಸಾಲು ಬರೆ. ಕಾರಣ ಬರೆಯಲಾಗದ ಕಾರ್ಡನ್ನು ತೆಗೆದುಹಾಕಿ ಬೇರೆಯದನ್ನು ಹುಡುಕು. ಆ ಹಾಳೆ ನನಗೆ ಟಪಾಲಿನಲ್ಲಿ ಕಳಿಸು. ವಾಟ್ಸಾಪಿನಲ್ಲಿ ಬೇಡ, ನಿನ್ನ ಅಕ್ಷರದಲ್ಲೇ ಬರಲಿ. ನೀನು ಬಂದಾಗ ಆ ಎಂಟರಿಂದ ನನ್ನ ಜೊತೆ ಆಡು.

ಇಂತಿ ನಿನ್ನ ಪ್ರೀತಿಯ ಮಾಮಾ